ಆಟದ ಗುರಿಗೂ ಮಿಶ್ರ ಬೆಳೆಯೇ ಸರಿ

ಸಂಪಾದಕರೇ,

ತಮ್ಮ ಯುವ ಪುರವಣಿಯಲ್ಲಿ ‘ದಿ ಸಿಮ್ಸ್ 4’ ಕಂಪ್ಯೂಟರ್ ಆಟದ ಬಗ್ಗೆ ಬಂದ ಬರಹ ಓದಿದೆವು. ನಾವೇ ಸೃಷ್ಟಿಸಿದ ಪಾತ್ರಗಳ ದಿನನಿತ್ಯದ ಬದುಕನ್ನು ನಡೆಸುವ ಆಟ ಇದು. ಜಡಿಮಳೆಗೆ ಶಾಲೆಗೆ ರಜೆ ಕೊಟ್ಟ ದಿನ ಮಕ್ಕಳು ಮನೆಯೊಳಗೆ ಕೂತು ಆಡುವ ಆಟಗಳಲ್ಲಿ ಇದೂ ಒಂದು. ಇಂಥದ್ದಕ್ಕೂ ಪತ್ರಿಕೆ ಜಾಗ ಕೊಟ್ಟಿದ್ದು ಸಂತೋಷ. ಆದರೆ ಬರಹದ ಮುಖ್ಯ ಸಲಹೆಯೇ ತಪ್ಪಾಗಿದೆ. ‘ಪಾತ್ರದ ಒಂದು ಜೀವನಗುರಿ ಪೂರ್ತಿ ಮುಗಿಯುವ ತನಕ ಇನ್ನೊಂದಕ್ಕೆ ಕೈ ಹಾಕಬೇಡಿ’, ‘ಗುರಿ ಬದಲಿಸಿದರೆ ಹಿಂದಿನ ಕೆಲಸ ಅಳಿಯುತ್ತದೆ’ ಎಂದಿದ್ದಾರೆ. ಹಾಗೆ ಆಡಿದರೆ ಪಾತ್ರ ಮುದುಕಾಗುವ ಹೊತ್ತಿಗೆ ಒಂದು ಗುರಿ ಮುಗಿದಿರುತ್ತದೆ, ಬಹಳವೆಂದರೆ ಎರಡು.

ಆ ಸಲಹೆ ಎಲ್ಲಿಂದ ಬಂತೆಂದು ಊಹಿಸಬಹುದು. 2009ರ ಸಿಮ್ಸ್ 3ರಲ್ಲಿ ಪಾತ್ರಕ್ಕೊಂದು ಜೀವಮಾನದ ಆಸೆ ಆರಿಸಿ ಅದನ್ನೇ ಹಿಡಿದು ಬಾಳಬೇಕಿತ್ತು. 2014ರ ಸೆಪ್ಟೆಂಬರ್‌ನಲ್ಲಿ ಬಂದ ಸಿಮ್ಸ್ 4ರಲ್ಲಿ ಆ ಕಟ್ಟುಪಾಡು ಇಲ್ಲ. ಇಲ್ಲಿ ಗುರಿಗೆ ‘ಆಸ್ಪಿರೇಷನ್’ ಎನ್ನುತ್ತಾರೆ. ದೊಡ್ಡವರ ಗುರಿಗೆ ಸಾಮಾನ್ಯವಾಗಿ ನಾಲ್ಕು ಹಂತ. ಹಂತ ದಾಟಿದಾಗೆಲ್ಲ ತೃಪ್ತಿ ಅಂಕ ಸಿಗುತ್ತವೆ, ನಾಲ್ಕನೆಯದೂ ಮುಗಿದರೆ ಬದುಕಿರುವ ತನಕ ಉಳಿಯುವ ಒಂದು ವಿಶೇಷ ಗುಣ. ಮುಖ್ಯ ಮಾತು ಏನೆಂದರೆ, ಗುರಿಯನ್ನು ಯಾವಾಗ ಬೇಕಾದರೂ ಬದಲಿಸಬಹುದು, ಬದಲಿಸಿದರೆ ಹಿಂದಿನ ಗುರಿಯಲ್ಲಿ ಆದಷ್ಟು ಕೆಲಸ ಅಳಿಯುವುದಿಲ್ಲ. ಮತ್ತೆ ಆ ಗುರಿಗೆ ಬಂದಾಗ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ.

ಹಾಗಿದ್ದ ಮೇಲೆ ಒಂದೇ ಗುರಿಗೆ ಕಾದು ಕೂರುವುದೇಕೆ? ನಮ್ಮ ತೋಟಗಳಲ್ಲಿ ಯಾರೂ ಕಾಫಿಯೊಂದನ್ನೇ ನೆಟ್ಟು ಮೂರು ನಾಲ್ಕು ವರ್ಷ ಕೈಕಟ್ಟಿ ಕೂರುವುದಿಲ್ಲ. ನೆರಳಿನ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುತ್ತಾರೆ, ನಡುವೆ ಕಿತ್ತಳೆ, ತೇವವಿರುವ ಕಡೆ ಏಲಕ್ಕಿ. ಒಂದು ಬೆಳೆ ಕಾಯುವ ಕಾಲದಲ್ಲಿ ಇನ್ನೊಂದರ ಕೊಯ್ಲು. ಈ ಆಟದ ಗುರಿಗಳೂ ಹಾಗೇ. ಕೆಲವಕ್ಕೆ ಕಾಯುವ ಕೆಲಸವೇ ಹೆಚ್ಚು, ಕೆಲವಕ್ಕೆ ದುಡಿಯುವ ಕೆಲಸ. ಅವನ್ನು ಜೋಡಿ ಮಾಡಿಕೊಳ್ಳಬೇಕು.

ಜೋಡಿ ಮಾಡುವ ಮೊದಲು ಗುರಿಯ ಪುಟ ತೆರೆದು ನಾಲ್ಕೂ ಹಂತಗಳನ್ನು ಓದಿ. ಮುಂದಿನ ಹಂತಗಳನ್ನೂ ಅಲ್ಲಿಯೇ ನೋಡಬಹುದು, ಹೆಚ್ಚಿನವರು ನೋಡುವುದಿಲ್ಲ. ಕೆಲಸಗಳಲ್ಲಿ ಎರಡು ಜಾತಿ. ‘ಇಂಥ ಸ್ಕಿಲ್‌ನಲ್ಲಿ (ಕೌಶಲದಲ್ಲಿ) ಇಷ್ಟನೇ ಮಟ್ಟ’, ‘ಉದ್ಯೋಗದಲ್ಲಿ ಇಷ್ಟನೇ ಮೆಟ್ಟಿಲು’, ‘ಕೈಯಲ್ಲಿ ಇಷ್ಟು ಹಣ’ ಎಂಬುವು ಮೊದಲ ಜಾತಿ. ಇವನ್ನು ಯಾವಾಗ ಸಾಧಿಸಿದ್ದರೂ ಆ ಹಂತ ತೆರೆದ ಕೂಡಲೇ ಆಟ ತಾನೇ ಗುರುತು ಹಾಕಿಕೊಳ್ಳುತ್ತದೆ. ‘ಇಷ್ಟು ಪುಸ್ತಕ ಬರೆ’, ‘ಇಷ್ಟು ಗಿಡ ಮೇಲ್ದರ್ಜೆಗೆ ಏರಿಸು’ ಎಂಬುವು ಎರಡನೆಯ ಜಾತಿ. ಇವು ಸಾಮಾನ್ಯವಾಗಿ ಆ ಗುರಿ, ಆ ಹಂತ ಚಾಲ್ತಿಯಲ್ಲಿರುವಾಗ ಮಾಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತವೆ. ‘ಹತ್ತು ಪುಸ್ತಕ ಬರೆದೆ, ಒಂದೂ ಎಣಿಕೆಗೆ ಬರಲಿಲ್ಲ’ ಎಂದು ಗೋಳಾಡುವವರೆಲ್ಲ ಎಡವುವುದು ಇಲ್ಲಿಯೇ. ಹಾಗಾಗಿ ಸ್ಕಿಲ್ ಬೆಳೆಸುವಾಗ ಯಾವ ಗುರಿ ಚಾಲ್ತಿಯಲ್ಲಿದ್ದರೂ ಚಿಂತೆಯಿಲ್ಲ. ಎಣಿಸುವ ಕೆಲಸ ಮುಗಿಯುವ ಕ್ಷಣದಲ್ಲಿ ಮಾತ್ರ ಸರಿಯಾದ ಗುರಿ ಮೇಲಿರಬೇಕು.

ಉದಾಹರಣೆಗೆ ಮೂರು ಗುರಿಗಳ ಜೋಡಣೆ ಹೇಳುತ್ತೇವೆ: ತೋಟಗಾರನ ‘ಫ್ರೀಲ್ಯಾನ್ಸ್ ಬಾಟನಿಸ್ಟ್’, ಬರಹಗಾರನ ‘ಬೆಸ್ಟ್‌ಸೆಲ್ಲಿಂಗ್ ಆಥರ್’, ಕಸರತ್ತಿನ ‘ಬಾಡಿಬಿಲ್ಡರ್’. ಮೂರೂ ಮೂಲ ಆಟದಲ್ಲೇ ಇವೆ. 2022ರ ಅಕ್ಟೋಬರ್ 18ರಿಂದ ಮೂಲ ಆಟ ಉಚಿತ, ಆದ್ದರಿಂದ ಲೇಖಕರು ಹೇಳಿದಂತೆ ಗುರಿಗಳಿಗಾಗಿ ದುಡ್ಡು ಕೊಟ್ಟು ಪ್ಯಾಕ್, ಅಂದರೆ ಆಟಕ್ಕೆ ಸೇರಿಸುವ ಹೆಚ್ಚುವರಿ ಭಾಗ, ಕೊಳ್ಳಬೇಕಿಲ್ಲ. ಬಾಡಿಬಿಲ್ಡರ್ ಅನ್ನು ಮೊದಲು ಮುಗಿಸುವಂತೆ ಯೋಜಿಸಿ. ಅದರ ಕೊನೆಗೆ ಸಿಗುವ ‘ಲಾಂಗ್ ಲಿವ್ಡ್’ ಗುಣ ಪಾತ್ರದ ಆಯುಷ್ಯ ಹೆಚ್ಚಿಸುತ್ತದೆ, ಉಳಿದ ಗುರಿಗಳಿಗೆ ದಿನ ಸಿಕ್ಕಂತಾಯಿತು. ಇದನ್ನು ಕೊನೆಗಿಟ್ಟುಕೊಂಡು ಮುಪ್ಪಿನಲ್ಲಿ ಕಸರತ್ತಿಗೆ ಇಳಿಸಿದರೆ ದಣಿದು ಪ್ರಾಣವೇ ಹೋದೀತು. ಈ ಆಟದಲ್ಲಿ ವಯಸ್ಸಾದವರು ಅತಿ ಶ್ರಮದಿಂದ ಸಾಯುತ್ತಾರೆ.

ದಿನದ ಕ್ರಮ ಹೀಗಿರಲಿ. ಸಾಧಾರಣ ವೇಗದಲ್ಲಿ ಆಟದ ಒಂದು ನಿಮಿಷ ನಮ್ಮ ಒಂದು ಸೆಕೆಂಡು, ಅಂದರೆ ಆಟದ ಒಂದು ದಿನ ನಮ್ಮ 24 ನಿಮಿಷ. ಬೆಳಿಗ್ಗೆ ಎದ್ದ ಕೂಡಲೇ ಗಿಡಕ್ಕೆ ನೀರು, ಕಳೆ ಕೀಳುವುದು, ಹುಳ ಬಿದ್ದಿದ್ದರೆ ಔಷಧಿ. ಆಮೇಲೆ ಸ್ನಾನ. ಸ್ನಾನದ ಪಟ್ಟಿಯಲ್ಲಿ ‘ಥಾಟ್‌ಫುಲ್ ಶವರ್’ ಆರಿಸಿದರೆ ಪಾತ್ರಕ್ಕೆ ‘ಇನ್‌ಸ್ಪೈರ್ಡ್’ ಮೂಡ್ ಬರುತ್ತದೆ. ಅದು ಇಳಿಯುವ ಮುಂಚೆ ಕಂಪ್ಯೂಟರ್ ಮುಂದೆ ಕೂರಿಸಿ ಬರೆಸಬೇಕು. ಸಂಜೆ ‘ಬ್ರಿಸ್ಕ್ ಶವರ್’ ಮಾಡಿಸಿದರೆ ‘ಎನರ್ಜೈಸ್ಡ್’, ಆಗ ಕಸರತ್ತು. ಎರಡು ಸ್ನಾನ, ಎರಡು ಗುರಿ. ಮೂಡ್‌ಗೆ ಹೊಂದದ ಕೆಲಸ ಮಾಡಿಸಿದರೂ ಸ್ಕಿಲ್ ಏರುತ್ತದೆ, ಆದರೆ ನಿಧಾನ. ಬರಹ, ಚಿತ್ರ, ಅಡುಗೆಗೆ ‘ಇನ್‌ಸ್ಪೈರ್ಡ್’ ಬೇಕು. ತರ್ಕ, ಪ್ರೋಗ್ರಾಮಿಂಗ್, ತೋಟಗಾರಿಕೆಗೆ ‘ಫೋಕಸ್ಡ್’, ಇದಕ್ಕೆ ಚೆಸ್ ಮೇಜಿನ ಮುಂದೆ ನಡೆ ಯೋಚಿಸಲು ಕೂರಿಸಿದರೆ ಸಾಕು. ಮಾತಿನ ಸ್ಕಿಲ್‌ಗೆ ‘ಕಾನ್ಫಿಡೆಂಟ್’, ಹಾಸ್ಯಕ್ಕೆ ‘ಪ್ಲೇಫುಲ್’. ಹಾಸ್ಯಗಾರನ ಗುರಿ ಹಿಡಿದವರಿಗೊಂದು ಎಚ್ಚರಿಕೆ: ‘ಪ್ಲೇಫುಲ್’ ಮೂಡ್ ಮೇಲಿಂದ ಮೇಲೆ ಏರಿ ‘ಹಿಸ್ಟೆರಿಕಲ್’ ಆಗಿಬಿಟ್ಟರೆ ಪಾತ್ರ ನಕ್ಕು ನಕ್ಕೇ ಸಾಯಬಹುದು. ಅಂಥ ಹೊತ್ತಿನಲ್ಲಿ ಇನ್ನೊಂದು ಜೋಕ್ ಹೇಳಿಸಬೇಡಿ, ಮಲಗಿಸಿ.

ಗೋಡೆಗೆ ತೂಗುಹಾಕುವ ಚಿತ್ರಗಳನ್ನು ಬರಿಯ ಅಲಂಕಾರವೆಂದು ಬಿಡಬೇಡಿ. ಕೆಲವು ವಸ್ತುಗಳ ಮೇಲೆ ಕ್ಲಿಕ್ ಮಾಡಿದರೆ ‘ಎಮೋಷನಲ್ ಆರಾ’ ಚಾಲೂ ಮಾಡುವ ಆಯ್ಕೆ ಬರುತ್ತದೆ, ಆಮೇಲೆ ಆ ಕೋಣೆಯಲ್ಲಿ ಇರುವವರಿಗೆ ಆ ಮೂಡ್ ಅಂಟುತ್ತದೆ. ಬರೆಯುವ ಕೋಣೆಯಲ್ಲಿ ಒಂದು ಜಾತಿ, ಕಸರತ್ತಿನ ಕೋಣೆಯಲ್ಲಿ ಇನ್ನೊಂದು. ಒಂದೇ ಕೋಣೆಯಲ್ಲಿ ಎರಡನ್ನೂ ಚಾಲೂ ಮಾಡಿದರೆ ಒಂದಕ್ಕೊಂದು ಅಡ್ಡ.

ಇನ್ನು ತೋಟ. ಕೊಡಗಿನವರಿಗೆ ತೋಟದ ಪಾಠ ಹೇಳುವುದು ಹಾಸ್ಯವೇ, ಆದರೂ ಆಟದ ತೋಟಕ್ಕೆ ಅದರದೇ ಚಾಳಿ ಇದೆ. ಗಿಡ ಬೆಳೆದು ಮಿನುಗತೊಡಗಿದಾಗ ‘ಇವಾಲ್ವ್’ ಎಂದು ನಾವೇ ಒತ್ತಬೇಕು, ತಾನಾಗಿ ಮೇಲ್ದರ್ಜೆಗೆ ಏರುವುದಿಲ್ಲ. ಗೊಬ್ಬರ ಹಾಕಿದರೆ ಆ ಘಟ್ಟ ಬೇಗ ಬರುತ್ತದೆ, ಹಿಡಿದ ಮೀನನ್ನೇ ಗೊಬ್ಬರವಾಗಿ ಹಾಕಬಹುದು. ತೋಟಗಾರಿಕೆ 5ನೇ ಮಟ್ಟಕ್ಕೆ ಬಂದಾಗ ಕಸಿ ಮಾಡುವ ವಿದ್ಯೆ ತೆರೆಯುತ್ತದೆ. ಒಂದು ಗಿಡದಿಂದ ಕಡ್ಡಿ ತೆಗೆದು ಇನ್ನೊಂದಕ್ಕೆ ಕಟ್ಟಿದರೆ, ಕಟ್ಟಿಸಿಕೊಂಡ ಗಿಡ ಕೆಲವೊಮ್ಮೆ ಮೂರನೆಯದೇ ಒಂದು ಫಲ ಬಿಡುತ್ತದೆ. ಸೇಬು ಮತ್ತು ಚೆರ್ರಿ ಸೇರಿದರೆ ದಾಳಿಂಬೆ. ಸ್ನ್ಯಾಪ್‌ಡ್ರ್ಯಾಗನ್ ಮತ್ತು ಲಿಲ್ಲಿ ಸೇರಿದರೆ ಆರ್ಕಿಡ್. (ಮರದ ಮೇಲೆ ಸೀತೆದಂಡೆ ಎಂಬ ಕಾಡು ಆರ್ಕಿಡ್ ನೋಡಿ ಬೆಳೆದವರು ನಗಬಹುದು, ನಗಲಿ.) ಆ ದಾಳಿಂಬೆಗೂ ಆ ಆರ್ಕಿಡ್‌ಗೂ ಕಸಿ ಮಾಡಿದರೆ ‘ಡೆತ್ ಫ್ಲವರ್’. ಅದು ಕೈಯಲ್ಲಿದ್ದರೆ ಸಾವು ಬಂದಾಗ ಯಮನಿಗೆ ಕೊಟ್ಟು ಜೀವ ಉಳಿಸಿಕೊಳ್ಳಬಹುದು. ದೂರದ ಗುರಿಗಳಿಗೆ ಇದಕ್ಕಿಂತ ಒಳ್ಳೆಯ ವಿಮೆ ಇಲ್ಲ.

ಕಸಿಯಲ್ಲಿ ಹೆಚ್ಚಿನವರು ಮಾಡುವ ತಪ್ಪು ಎಂದರೆ, ಇದ್ದೊಂದು ಗಿಡಕ್ಕೇ ಕಡ್ಡಿ ಕಟ್ಟುವುದು. ಆಮೇಲೆ ಆ ಗಿಡದಲ್ಲಿ ಹಳೆಯ ಹಣ್ಣು, ಕಡ್ಡಿಯ ಹಣ್ಣು, ಹೊಸ ಹಣ್ಣು ಎಲ್ಲ ಕಲಸುಮೇಲೋಗರ, ಬೇಕಾದ್ದು ಯಾವಾಗ ಬಂದೀತೆಂದು ಹೇಳಲಾಗದು. ಒಂದೊಂದು ಜಾತಿಗೆ ಒಂದೊಂದು ತಾಯಿಗಿಡ ಮುಟ್ಟದೆ ಬಿಡಿ, ಕಸಿಗೆ ಬೇರೆ ಗಿಡ ಬೆಳೆಸಿ. ಹೊಸ ಫಲ ಸಿಕ್ಕ ಕೂಡಲೇ ತಿನ್ನಬೇಡಿ, ಮಾರಬೇಡಿ, ಬೇರೆಯಾಗಿ ನೆಡಿ. 2018ರ ‘ಸೀಸನ್ಸ್’ ಪ್ಯಾಕ್ ಇದ್ದವರಿಗೆ ಇನ್ನೊಂದು ಮಾತು. ಅದರಲ್ಲಿ ಒಂದೊಂದು ಋತು ಮೊದಲಿಗೆ 7 ದಿನ ಎಂದಿರುತ್ತದೆ. ಋತು ತಪ್ಪಿದ ಗಿಡ ಮಲಗಿಬಿಡುತ್ತದೆ, ಮನೆಯೊಳಗೋ ಗಾಜಿನ ಚಾವಡಿಯೊಳಗೋ ನೆಟ್ಟರೆ ಆ ಕಾಟವಿಲ್ಲ. ‘ಕೌಪ್ಲಾಂಟ್’ ಎಂಬ ಗಿಡವನ್ನು ಹಸಿವಿನಲ್ಲಿ ಬಿಡಬೇಡಿ. ಅದು ಕೇಕಿನ ಆಕಾರದ ನಾಲಿಗೆ ಚಾಚಿ ಕರೆಯುತ್ತದೆ, ಪಾತ್ರ ಹೋಗುತ್ತದೆ. ಮೊದಲ ಸಲ ನುಂಗಿ ಉಗುಳುತ್ತದೆ. ಆ ಬಳಲಿಕೆಯ ಮೂಡ್ ಇಳಿಯುವ ಮೊದಲೇ ಮತ್ತೆ ನುಂಗಿದರೆ ಮುಗಿಯಿತು.

ತೃಪ್ತಿ ಅಂಕಗಳ ಖರ್ಚಿನಲ್ಲೂ ಲೆಕ್ಕಾಚಾರ ಬೇಕು. ‘ಪೋಷನ್ ಆಫ್ ಯೂತ್’ಗೆ 1,500 ಅಂಕ. ಇದು ಪಾತ್ರವನ್ನು ಹುಟ್ಟಿಗೆ ಒಯ್ಯುವುದಿಲ್ಲ, ಈಗಿರುವ ವಯಸ್ಸಿನ ಘಟ್ಟದ ಮೊದಲ ದಿನಕ್ಕೆ ಮಾತ್ರ. ಹೊಸ ಘಟ್ಟಕ್ಕೆ ಬಂದ ಮರುದಿನ ಕುಡಿಸಿದರೆ 1,500 ನೀರಿಗೆ. ತಾರುಣ್ಯದ ಕೊನೆಯ ದಿನಗಳಲ್ಲಿ, ಹುಟ್ಟುಹಬ್ಬದ ಸೂಚನೆ ಬಂದ ಮೇಲೆ ಕುಡಿಸಿದರೆ ಇಡೀ ತಾರುಣ್ಯ ಇನ್ನೊಮ್ಮೆ. 500 ಅಂಕದ ‘ಮೂಡ್‌ಲೆಟ್ ಸಾಲ್ವರ್’ ಒಂದೇ ಗುಟುಕಿಗೆ ಕೆಟ್ಟ ಮೂಡ್ ಕಳೆಯುತ್ತದೆ, ಆದರೆ ಚೆನ್ನಾಗಿ ಉಂಡು ಮಲಗಿದ ಪಾತ್ರಕ್ಕೆ ಅದು ಬೇಕಾಗುವುದು ಕಡಿಮೆ. ಮೊದಲ ಅಂಕಗಳನ್ನು ಹಸಿವು, ನಿದ್ದೆ, ಮೂತ್ರಬಾಧೆ ಕಡಿಮೆ ಮಾಡುವ ಗುಣಗಳಿಗೆ ಹಾಕುವುದೇ ಜಾಣತನ, ಅವು ಪ್ರತಿದಿನವೂ ಗಂಟೆಗಳನ್ನು ಉಳಿಸಿಕೊಡುತ್ತವೆ. ಅಡುಗೆಯವರಿಗಾದರೆ ಯೌವನದ ಪೋಷನ್‌ಗೆ ಇನ್ನೊಂದು ಉಪಯೋಗವೂ ಇದೆ: ಅದು, ಏಂಜಲ್‌ಫಿಶ್, ಡೆತ್ ಫ್ಲವರ್ ಮೂರೂ ಸೇರಿದರೆ ‘ಆಂಬ್ರೋಸಿಯಾ’. ತಿಂದರೆ ವಯಸ್ಸು ಹಿಂದಕ್ಕೆ, ಭೂತಕ್ಕೆ ತಿನ್ನಿಸಿದರೆ ಮರುಜೀವ.

ಸ್ನೇಹ, ಪ್ರೇಮದ ಗುರಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾತಾಡಿಸದೆ ಬಿಟ್ಟರೆ ಸಂಬಂಧ ಇಳಿಯುತ್ತದೆ, ಆದ್ದರಿಂದ ಅವನ್ನು ತಿಂಗಳುಗಟ್ಟಲೆ ಎಳೆಯದೆ ಒಂದೇ ಉಸಿರಿಗೆ ಮುಗಿಸಬೇಕು. ಈ ಪತ್ರದಲ್ಲಿ ಮಿಶ್ರ ಬೆಳೆಗೆ ಒಗ್ಗದ ಗುರಿ ಇದೊಂದೇ.

ಮಕ್ಕಳ ಪಾತ್ರದಿಂದ ಶುರು ಮಾಡುವವರಿಗೆ ಲಾಭ ಬೇರೆ. ಅಂಬೆಗಾಲು ದಾಟಿದ ಕೂಸು, ಅಂದರೆ ‘ಟಾಡ್ಲರ್’ಗೆ ಐದು ಸ್ಕಿಲ್. ಮಾತು, ಕಲ್ಪನೆ, ನಡಿಗೆ, ಯೋಚನೆ ಇವಕ್ಕೆ 5 ಮಟ್ಟ, ಶೌಚದ ಅಭ್ಯಾಸಕ್ಕೆ 3. ಎಲ್ಲದರಲ್ಲೂ 3ನೇ ಮಟ್ಟ ಮುಟ್ಟಿಸಿದರೆ ‘ಹ್ಯಾಪಿ ಟಾಡ್ಲರ್’ ಗುಣ. ಎಲ್ಲವನ್ನೂ ತುದಿ ಮುಟ್ಟಿಸಿದರೆ ‘ಟಾಪ್ ನಾಚ್ ಟಾಡ್ಲರ್’, ಅದು ದೊಡ್ಡವರಾದ ಮೇಲೂ ಕಲಿಕೆಗೆ ನೆರವಾಗುತ್ತದೆ. ಶಾಲೆ ವಯಸ್ಸಿನ ಮಕ್ಕಳ ಗುರಿಗಳಿಗೆ ಮಾತ್ರ ಗಡುವು ಇದೆ: ಹದಿಹರೆಯ ಬಂತೆಂದರೆ ಅರ್ಧಕ್ಕೆ ನಿಂತ ಗುರಿ ಕೈತಪ್ಪಿತು. ಸೆಟ್ಟಿಂಗ್ಸ್‌ನಲ್ಲಿ ತಾನಾಗಿ ವಯಸ್ಸಾಗುವುದನ್ನು ನಿಲ್ಲಿಸಿ, ಗುರಿ ಮುಗಿದ ಮೇಲೆ ಕೇಕ್ ಮಾಡಿ ಮೊಂಬತ್ತಿ ಊದಿಸಿ ದೊಡ್ಡವರನ್ನಾಗಿ ಮಾಡುವುದು ಒಂದು ದಾರಿ. ಅದನ್ನು ಮೋಸ ಎನ್ನುವವರಿದ್ದಾರೆ, ನಾವು ಅನ್ನುವುದಿಲ್ಲ. ತಲೆಮಾರು ತಲೆಮಾರು ಆಡುವವರು ಒಂದನ್ನು ನೆನಪಿಡಿ: ಒಂದು ಮನೆಯಲ್ಲಿ 8 ಜನಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಕೊಡವರ ಹಿರಿಮನೆಯಾದ ಐನ್‌ಮನೆ ಕಟ್ಟಬಹುದು, ಇಡೀ ಕುಲವನ್ನು, ಅಂದರೆ ಒಕ್ಕವನ್ನು ತುಂಬಲಾಗದು. ಯಾರ ಗುರಿ ಮುಗಿಯಿತೋ ಅವರನ್ನು ಬೇರೆ ಮನೆಗೆ ಕಳಿಸುತ್ತಿರಬೇಕು.

ಕೊನೆಯದು ನಮ್ಮ ಜಿಲ್ಲೆಗೇ ಸಂಬಂಧಿಸಿದ್ದು, ಪುರವಣಿಯ ಬರಹದಲ್ಲಿ ಇದರ ಸುದ್ದಿಯೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮರ ಬಿದ್ದು ಕರೆಂಟು ಹೋಗುವುದು ಇಲ್ಲಿ ಮಾಮೂಲು. ಆಟ ತಾನಾಗಿ ಸೇವ್ ಆಗಿರುತ್ತದೆಂದು ನಂಬಿ ಕೂರಬೇಡಿ. ಆಟದ ದಿನ ಮುಗಿದಾಗೊಮ್ಮೆ, ಅಂದರೆ ಸುಮಾರು ಅರ್ಧ ಗಂಟೆಗೊಮ್ಮೆ ಸೇವ್ ಮಾಡಿ. ಗುರಿಯ ಹಂತ ದಾಟಿದಾಗ ‘ಸೇವ್ ಆ್ಯಸ್’ ಒತ್ತಿ ಹೊಸ ಹೆಸರಿನಲ್ಲಿ ಇಡಿ. ಸೇವ್ ಆಗುತ್ತಿರುವಾಗಲೇ ಕರೆಂಟು ಹೋಗಿ ಫೈಲ್ ಕೆಟ್ಟರೂ ಎಲ್ಲ ಹೋಯಿತೆಂದಲ್ಲ. ‘ಡಾಕ್ಯುಮೆಂಟ್ಸ್’ ಒಳಗೆ ‘ಎಲೆಕ್ಟ್ರಾನಿಕ್ ಆರ್ಟ್ಸ್’, ಅದರೊಳಗೆ ‘ದಿ ಸಿಮ್ಸ್ 4’, ಅದರೊಳಗೆ ‘ಸೇವ್ಸ್’ ಫೋಲ್ಡರ್ ಇದೆ. ಅಲ್ಲಿ ಒಂದೊಂದು ಸೇವ್‌ನ ಹಳೆಯ ಪ್ರತಿಗಳು ಹೆಸರಿನ ಕೊನೆಗೆ ‘ವರ್0’ಯಿಂದ ‘ವರ್4’ರ ತನಕ ಬಾಲ ಹಚ್ಚಿಕೊಂಡು ಕೂತಿರುತ್ತವೆ. ಮೊದಲು ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಪ್ರತಿ ಮಾಡಿಕೊಳ್ಳಿ. ಆಮೇಲೆ ಕೆಟ್ಟ ಫೈಲನ್ನು ಬೇರೆಡೆಗೆ ಸರಿಸಿ, ಹಳೆಯ ಪ್ರತಿಯ ಬಾಲ ಕತ್ತರಿಸಿ ‘ಸೇವ್’ ಎಂದೇ ಕೊನೆಯಾಗುವಂತೆ ಹೆಸರು ಬದಲಿಸಿದರೆ ಆಟ ಅದನ್ನು ತೆರೆಯುತ್ತದೆ. ಹೊರಗಿನ ಮಾಡ್‌ಗಳನ್ನು, ಅಂದರೆ ಬೇರೆಯವರು ಆಟವನ್ನು ಮಾರ್ಪಡಿಸಲು ಮಾಡಿದ ಫೈಲುಗಳನ್ನು, ಹಾಕಿಕೊಂಡವರು ಆಟ ಅಪ್‌ಡೇಟ್ ಆದ ದಿನ ಅವನ್ನು ತೆಗೆದಿಟ್ಟು ಆಡುವುದು ಒಳ್ಳೆಯದು. ಹಳೆಯ ಮಾಡ್‌ನಿಂದ ಗುರಿಯ ಎಣಿಕೆ ಕೆಟ್ಟು ನಿಂತರೆ ತಪ್ಪು ಆಡುವವರದೆಂದು ಅನ್ನಿಸುತ್ತದೆ.

ಚೀಟ್ ಕೋಡ್ ಎಂಬ ಸಂಕೇತ ಹಾಕಿ ಹಂತವನ್ನು ಒಂದೇ ಏಟಿಗೆ ಮುಗಿಸುವ ಉಪಾಯವನ್ನೂ ಲೇಖಕರು ಹೇಳಿದ್ದಾರೆ. ಅದಿದೆ, ಕೆಲಸವೂ ಮಾಡುತ್ತದೆ. ಎಣಿಕೆ ಸಿಕ್ಕಿಹಾಕಿಕೊಂಡು ಎಷ್ಟು ಮಾಡಿದರೂ ಗುರುತು ಬೀಳದಿದ್ದಾಗ ಅದನ್ನು ಬಳಸಿದರೆ ತಪ್ಪಿಲ್ಲ. ಮೊದಲ ಸಲಹೆಯಾಗಿ ಅದನ್ನು ಕೊಡುವ ಅಗತ್ಯವಿರಲಿಲ್ಲ. ‘ಗುರಿ ಬದಲಿಸಿದರೆ ಹಿಂದಿನ ಕೆಲಸ ಅಳಿಯುತ್ತದೆ’ ಎಂಬ ವಾಕ್ಯವನ್ನಾದರೂ ಮುಂದಿನ ಪುರವಣಿಯಲ್ಲಿ ತಿದ್ದಬೇಕೆಂದು ಕೋರುತ್ತೇವೆ.

ಕೆಲವು ಓದುಗರು,
ಮಡಿಕೇರಿ