ಹಲ್ಲಿನ ಲೆಕ್ಕ, ಮೀಟರಿನ ಲೆಕ್ಕ, ನನ್ನ ಅರ್ಜಿ

ಹೋದ ವಾರ ಹೈದರಾಬಾದಿನ ಐಎಸ್‌ಬಿ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) ಕಡೆಯಿಂದ ಮೇಲ್ ಬಂತು. ಅಲ್ಲಿನ ಒಂದು ವರ್ಷದ ಮ್ಯಾನೇಜ್‌ಮೆಂಟ್ ಕೋರ್ಸಿಗೆ ನನಗೆ ಸೀಟು ಸಿಕ್ಕಿದೆ. ಏಪ್ರಿಲ್‌ನಲ್ಲಿ ತರಗತಿ ಶುರು. ಮೇಲ್ ಬಂದಾಗ ನಾನು ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದ ನಮ್ಮ ದಾಲ್ ಮಿಲ್ಲಿನ ಆಫೀಸಿನಲ್ಲಿದ್ದೆ. ಹೊರಗೆ ಹಮಾಲರು ಲಾರಿಯಿಂದ ತೊಗರಿ ಇಳಿಸುತ್ತಿದ್ದರು. ಮನೆಗೆ ಫೋನ್ ಮಾಡುವ ಮೊದಲೇ ಓಡಿ ಹೋಗಿ ಮುನೀಮ ಕಾಕಾಗೆ ಹೇಳಿದೆ. ಅವರು ಮುಷ್ಟಿಯಲ್ಲಿದ್ದ ತೊಗರಿಯನ್ನು ಚೀಲಕ್ಕೆ ಹಾಕಿ, ಧೋತರಕ್ಕೆ ಕೈ ಒರೆಸಿಕೊಂಡು, ನನ್ನ ತಲೆ ಮೇಲೆ ಕೈಯಿಟ್ಟರು. "ಭಾಳ ಛಲೋ ಆಯ್ತವ್ವ" ಅಂದರು. ಕಣ್ಣು ತುಂಬಿದ್ದವು. ಆಮೇಲೆ, "ಈ ಲಾರಿದು ತೂಕ ಆಗ್ಯದ, ಬರ್ಕೋ" ಅಂದರು.

ಅವತ್ತಿನಿಂದ ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ: ಹೆಂಗ ಸಿಕ್ತು, ಯಾವ ಕೋಚಿಂಗ್, ಎಷ್ಟು ಖರ್ಚಾಯ್ತು. ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದರೆ ಕೆಲವು ಮಂದಿಯ ಬಗ್ಗೆ ಹೇಳಲೇಬೇಕು. ಹೆಸರು ಹಾಕಬೇಡ ಅಂತ ಅವರಲ್ಲಿ ಬಹಳಷ್ಟು ಜನ ತಾಕೀತು ಮಾಡಿದ್ದಾರೆ. ಹಾಗಾಗಿ ನಾನು ಅವರನ್ನು ಕರೆಯುವ ರೀತಿಯಲ್ಲೇ ಇಲ್ಲಿ ಬರೆಯುತ್ತೇನೆ.

ನಾನು ಜೇವರ್ಗಿ ತಾಲ್ಲೂಕಿನ ಹಳ್ಳಿಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಕಲಬುರಗಿಯಲ್ಲಿ ಬಿ.ಕಾಂ. ಐದು ವರ್ಷದಿಂದ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಹೋದ ವರ್ಷವೂ ಒಂದು ಬಿಸಿನೆಸ್ ಸ್ಕೂಲಿಗೆ ಅರ್ಜಿ ಹಾಕಿದ್ದೆ. ಆಗ ಅರ್ಜಿಯ ಜೊತೆ ಕಳಿಸಬೇಕಾದ ಪ್ರಬಂಧ ತಿದ್ದಿಕೊಡುವ ಒಬ್ಬರಿಗೆ ಎರಡು ತಿಂಗಳ ಸಂಬಳ ಕೊಟ್ಟಿದ್ದೆ. ಅವರು ಬರೆದುಕೊಟ್ಟ ಪ್ರಬಂಧದಲ್ಲಿ ನಾನು ಇಡೀ ಮಿಲ್ಲಿನ ವ್ಯವಹಾರವನ್ನೇ ಬದಲಾಯಿಸಿದ್ದೆ, ತಂಡ ಕಟ್ಟಿದ್ದೆ, ರೈತರ ಬದುಕು ಬೆಳಗಿಸಿದ್ದೆ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಆ ಊರಿನದೇ ಮಾಲು ಅನ್ನುವ ಸರ್ಕಾರಿ ಮಾನ್ಯತೆ) ಸಿಕ್ಕಿದ್ದರ ಮೇಲೂ ಒಂದು ದೊಡ್ಡ ಪ್ಯಾರಾ ಇತ್ತು, ಅದರಲ್ಲಿ ನನ್ನದೇನೋ ಕೈ ಇದ್ದ ಹಾಗೆ. ಸಂದರ್ಶನಕ್ಕೂ ಕರೆ ಬರಲಿಲ್ಲ. ಎರಡು ಸಾಲಿನ ನಿರಾಕರಣೆ ಬಂತು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಈ ಸಲ ದೀಪಾವಳಿ ಮುಗಿದ ಮೇಲೆ ಅದೇ ಪ್ರಬಂಧವನ್ನು ಅಲ್ಪಸ್ವಲ್ಪ ತಿದ್ದಿ ಕಳಿಸಬೇಕೆಂದಿದ್ದೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಗ ಮುನೀಮ ಕಾಕಾ ಬಂದು, "ಏನ್ ಬರ್ಲಾಕತ್ತಿ, ನನಗೂ ಓದಿ ಹೇಳು" ಅಂದರು. ಅವರು ಓದಿದ್ದು ಏಳನೇ ಇಯತ್ತೆ. ಗಂಜ್ ಮಾರುಕಟ್ಟೆಯ ಅಡತ್ (ದಲ್ಲಾಳಿ) ಅಂಗಡಿಗಳಲ್ಲಿ ಮತ್ತು ಮಿಲ್ಲುಗಳಲ್ಲಿ ನಲವತ್ತು ವರ್ಷ ಕಳೆದವರು. ಇಂಗ್ಲಿಷಿನಲ್ಲಿದ್ದುದನ್ನು ಒಂದೊಂದೇ ಸಾಲು ಕನ್ನಡಕ್ಕೆ ತಂದು ಹೇಳುತ್ತಾ ಹೋದೆ. ಅವರು ರೊಟ್ಟಿ ಮುರಿಯುವುದನ್ನೂ ನಿಲ್ಲಿಸಿ ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಹುಡುಗಿ ಯಾರವ್ವ? ನಮ್ಮ ಮಿಲ್ಲಿನಾಗ ಇಂಥಾಕಿ ಯಾರೂ ಇಲ್ಲಲ್ಲ" ಅಂದರು.

ನನಗೆ ಮಾತೇ ಹೊರಡಲಿಲ್ಲ. ಅವರು ಮತ್ತೆ ಹೇಳಿದರು: "ನೀ ತೇವದ ವಹಿ ಬರದಿಯಲ್ಲ, ಅದು ಖರೇ. ಅದನ್ಯಾಕ ಬಿಟ್ಟಿ?"

ತೇವದ ವಹಿಯ ಕತೆ ಹೀಗಿದೆ. ಮಿಲ್ಲಿಗೆ ತೊಗರಿ ಬಂದಾಗ ಮೊದಲು ನೋಡುವುದು ಒಣಗಿದೆಯೋ ಇಲ್ಲವೋ. ಸರ್ಕಾರದ ಬೆಂಬಲ ಬೆಲೆ ಖರೀದಿಯಲ್ಲೂ ತೇವಾಂಶ ಶೇಕಡಾ 12 ಮೀರಬಾರದೆಂಬ ನಿಯಮವಿದೆ. ಶೇಕಡಾ 14 ತೇವ ಇರುವ ನೂರು ಕ್ವಿಂಟಲ್ ಮಾಲು ಕೊಂಡರೆ, ಅದು 12ಕ್ಕೆ ಒಣಗುವ ಹೊತ್ತಿಗೆ ಎರಡು ಕ್ವಿಂಟಲ್‌ಗೂ ಹೆಚ್ಚು ತೂಕ ಹೋಗಿರುತ್ತದೆ. ನೀರಿಗೆ ದುಡ್ಡು ಕೊಟ್ಟ ಹಾಗೆ. ತೇವದ ಮಾಲಿನ ಸಿಪ್ಪೆಯೂ ಸಲೀಸಾಗಿ ಬಿಡುವುದಿಲ್ಲ, ಬೇಳೆ ಮುರಿದು ನುಚ್ಚು ಜಾಸ್ತಿಯಾಗುತ್ತದೆ. ಮುನೀಮ ಕಾಕಾ ಎರಡು ಕಾಳು ದವಡೆ ಹಲ್ಲಿನ ನಡುವೆ ಇಟ್ಟು ಕಡಿಯುತ್ತಾರೆ. 'ಟಕ್' ಅಂತ ಸಪ್ಪಳ ಬಂದು ಎರಡು ಹೋಳಾದರೆ ಒಣಗಿದ ಮಾಲು. ಹಲ್ಲಿಗೆ ಅಂಟಿ ಮೆತ್ತಗಾದರೆ ಹಸಿ. ಕಡಿದು, ಕಣ್ಣು ಮುಚ್ಚಿ, "ಹದಿಮೂರು" ಅಂತಾರೆ. ಮೀಟರಿಗೆ ಹಾಕಿದರೆ 12.8 ತೋರಿಸುತ್ತದೆ.

ಮೂರು ವರ್ಷದ ಹಿಂದಿನ ಸುಗ್ಗಿಯಲ್ಲಿ ಸುಮ್ಮನೆ ಕುತೂಹಲಕ್ಕೆ ನಾನೊಂದು ವಹಿ ಶುರು ಮಾಡಿದೆ. ಪ್ರತಿ ಲಾರಿಗೆ ಒಂದು ಸಾಲು: ಊರು, ಕಾಕಾ ಹೇಳಿದ ಅಂಕಿ, ಮೀಟರ್ ತೋರಿಸಿದ ಅಂಕಿ, ಆ ಮಾಲಿನಿಂದ ಬಂದ ಬೇಳೆ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಬರೆದೆ. ಹೆಚ್ಚಿನ ದಿನ ಕಾಕಾ ಅರ್ಧ ಅಂಕಿಯೂ ತಪ್ಪಲಿಲ್ಲ. ತಪ್ಪಿದ್ದು ಮಂಜು ಬಿದ್ದ ಬೆಳಗಿನಲ್ಲಿ ಮಾತ್ರ. ಕಾಳಿನ ಹೊರಸಿಪ್ಪೆ ಮಂಜಿಗೆ ಮೆತ್ತಗಾಗಿ, ಒಳಗೆ ಒಣಗಿದ್ದರೂ ಹಲ್ಲಿಗೆ ಹಸಿ ಅನ್ನಿಸುತ್ತಿತ್ತು. ಅಂಥ ದಿನ ರೈತನಿಗೆ ಕ್ವಿಂಟಲ್ ಮೇಲೆ ದುಡ್ಡು ಕಡಿತವಾಗುತ್ತಿತ್ತು. ವಹಿ ತೋರಿಸಿದಾಗ ಕಾಕಾ ಸಿಟ್ಟಾಗುತ್ತಾರೇನೋ ಅಂತ ಅಂಜಿದ್ದೆ. ಅವರು ಪುಟ ತಿರುವಿ ತಿರುವಿ ನೋಡಿ, "ಮಂಜಿನ ದಿನ ಹತ್ತು ಗಂಟಿಗಿ ಮುಂಚೆ ನಾ ಕಡ್ಯಂಗಿಲ್ಲ, ಮೀಟರ್ ಹಚ್ಚು" ಅಂದರು. ಅಂದಿನಿಂದ ಮಿಲ್ಲಿನಲ್ಲಿ ಅದೇ ರೂಢಿ.

ನಾನು ಮಾಡಿದ ಕೆಲಸ ಇಷ್ಟೇ. ಇದು ಪ್ರಬಂಧಕ್ಕೆ ತೀರಾ ಸಣ್ಣದು ಅಂತ ನನಗೆ ನಾನೇ ಅಂದುಕೊಂಡು ಬಿಟ್ಟಿದ್ದೆ. ಕಾಕಾ ಮಾತು ಕೇಳಿ ಹಳೆಯ ಪ್ರಬಂಧವನ್ನು ಅಳಿಸಿ, 400 ಪದಗಳಲ್ಲಿ ಮಂಜಿನ ಬೆಳಗು, ಹಲ್ಲು, ಮೀಟರು, ವಹಿ, ಇಷ್ಟನ್ನೇ ಬರೆದೆ. ಹನ್ನೊಂದು ಸಲ ಬರೆದೆ. ಪ್ರತಿ ಸಲ ಅವರಿಗೆ ಕನ್ನಡದಲ್ಲಿ ಹೇಳಿದೆ. ನಾಲ್ಕನೆಯದನ್ನು ಕೇಳಿ, "ಇಲ್ಲಿ ನೀ ನನ್ನ ಶ್ಯಾಣ್ಯಾ ಮಾಡಿ, ಅಷ್ಟಿಲ್ಲ ನಾ, ತೆಗಿ" ಅಂದರು. ಒಂಬತ್ತನೆಯದನ್ನು ಕೇಳಿ, ಆ ದಿನಗಳಲ್ಲಿ ಕಡಿತವಾದ ರೈತರಿಗೆ ದುಡ್ಡು ವಾಪಸ್ ಕೊಟ್ಟೆವಾ ಅಂತ ಕೇಳಿದರು. ಕೊಟ್ಟಿರಲಿಲ್ಲ. ಅದನ್ನೂ ಬರೆದೆ. ಕಾಕಾ, ನನ್ನ ಬಗ್ಗೆ ನಾನೇ ಸುಳ್ಳು ಹೇಳದ ಹಾಗೆ ನೋಡಿಕೊಂಡಿರಿ. ನಿಮ್ಮ ಪಾದಕ್ಕೆ ನಮಸ್ಕಾರ.

ಎರಡನೆಯ ಋಣ ಮಿಲ್ಲಿನ ಮಾಲೀಕರು ಸಾಹುಕಾರ್ರದ್ದು. ಅರ್ಜಿಯ ಜೊತೆ ನಮ್ಮ ಕೆಲಸ ಬಲ್ಲ ಒಬ್ಬರು ಶಿಫಾರಸು ಬರೆಯಬೇಕು. ಹೋದ ವರ್ಷ ಪ್ರಬಂಧ ತಿದ್ದಿಕೊಟ್ಟವರು, "ನೀವೇ ಬರೆದುಬಿಡಿ, ಮಾಲೀಕರ ಹೆಸರಲ್ಲಿ ಹಾಕಿದರಾಯ್ತು, ಎಲ್ಲರೂ ಹಾಗೇ ಮಾಡ್ತಾರೆ" ಅಂದಿದ್ದರು, ನಾನೂ ಹಾಗೇ ಮಾಡಿದ್ದೆ. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಈ ಸಲ ಸಾಹುಕಾರ್ರು ಒಪ್ಪಲಿಲ್ಲ. "ನೀ ಬರದು ನನ್ನ ಹೆಸರು ಹಾಕಿದ್ರ ಅದು ನನ್ನ ಮಾತು ಹೆಂಗಾಗ್ತದ?" ಅಂದರು. ಎರಡು ರವಿವಾರ ತಮ್ಮ ಸೊಸೆಯ ಜೊತೆ ಕೂತು, ತಾವು ಕನ್ನಡದಲ್ಲಿ ಹೇಳಿ, ಆಕೆಯ ಕೈಲಿ ಇಂಗ್ಲಿಷಿನಲ್ಲಿ ಬರೆಸಿದರು. ಕಳಿಸುವ ಮುಂಚೆ ನನ್ನನ್ನು ಕರೆದು, "ಆ ಸಾಂಗ್ಲಿ ಲಾರಿದೂ ಬರೀತೀನಿ, ನಿನಗ ಬ್ಯಾಸರ ಇಲ್ಲಲ್ಲ?" ಅಂತ ಕೇಳಿದರು. ಕೆಲಸಕ್ಕೆ ಸೇರಿದ ಮೊದಲ ವರ್ಷ ಲೋಡಿಂಗ್ ಚೀಟಿಯಲ್ಲಿ ಫಟಕಾ ಬೇಳೆ ಅಂತ ಬರೆಯಬೇಕಾದಲ್ಲಿ ಸವಾ ನಂಬರ್ ಅಂತ ಬರೆದಿದ್ದೆ; ಎರಡೂ ಬೇರೆ ಬೇರೆ ದರ್ಜೆಯ ಬೇಳೆ. ಲಾರಿ ಪೂರ್ತಿ ತಪ್ಪು ಮಾಲು ಹೋಯಿತು. ರಾತ್ರಿ ಹತ್ತೂವರೆಗೆ ಗೊತ್ತಾಗಿ, ನಡುಗುವ ಕೈಯಲ್ಲಿ ಸಾಹುಕಾರ್ರಿಗೆ ಫೋನ್ ಮಾಡಿ ಹೇಳಿದ್ದೆ. ಅವರು ಆ ತಪ್ಪನ್ನೂ, ಆ ಫೋನನ್ನೂ ಬರೆದರು.

ನಮ್ಮ ಓಣಿಯ ನಿವೃತ್ತ ಇಂಗ್ಲಿಷ್ ಸರ್ ಇಲ್ಲದಿದ್ದರೆ ಬಿಸಿನೆಸ್ ಸ್ಕೂಲುಗಳ ಪ್ರವೇಶ ಪರೀಕ್ಷೆ ಜಿಮ್ಯಾಟ್ ದಾಟುತ್ತಿರಲಿಲ್ಲ. ಆ ಪರೀಕ್ಷೆ ಎರಡು ಗಂಟೆ ಕಾಲು ತಾಸಿನದು. 45 ನಿಮಿಷದ ಮೂರು ಭಾಗ, ಒಟ್ಟು 64 ಪ್ರಶ್ನೆ. ಗಣಿತ ನನಗೆ ಕಷ್ಟವಾಗಲಿಲ್ಲ, ದಿನವಿಡೀ ಲೆಕ್ಕದಲ್ಲೇ ಇರುವವಳು. ಇಂಗ್ಲಿಷ್ ಪ್ಯಾರಾ ಓದಿ ಬರೆದವರ ವಾದ ಹಿಡಿಯುವಲ್ಲಿ ಸೋಲುತ್ತಿದ್ದೆ. ಸರ್ ದಿನವೂ ಬೆಳಿಗ್ಗೆ ಆರಕ್ಕೆ ಪೇಪರಿನ ಒಂದು ಸಂಪಾದಕೀಯ ಓದಿಸಿ, ಮಡಿಚಿಟ್ಟು, "ಈಗ ಕನ್ನಡದಾಗ ಎರಡೇ ಮಾತಿನಾಗ ಹೇಳು" ಅನ್ನುತ್ತಿದ್ದರು. ಹೇಳಲು ತೊದಲಿದರೆ, "ಶಬ್ದ ತಿಳಿದಾವ, ಮಾತು ತಿಳಿದಿಲ್ಲ, ಮತ್ತ ಓದು" ಅಂತ ಪೇಪರ್ ವಾಪಸ್ ಕೊಡುತ್ತಿದ್ದರು. ಮೊದಲ ಸಲ 555 ಬಂದಿತ್ತು, ಎರಡನೇ ಸಲ 645. ಫೀಸು ಅಂತ ಒಂದು ರೂಪಾಯಿ ಮುಟ್ಟಲಿಲ್ಲ. ಅವರಿಗೆ ಒಂದು ಜೊತೆ ಧೋತರ ಕೊಟ್ಟಿದ್ದಷ್ಟೇ ನನ್ನಿಂದಾದದ್ದು.

ಮುಂದೆ ಅರ್ಜಿ ಹಾಕುವ ನಮ್ಮ ಭಾಗದ ಹುಡುಗ ಹುಡುಗಿಯರಿಗೆ ಒಂದು ಮಾತು, ಏಕೆಂದರೆ ನಾನು ಇದರಲ್ಲಿ ಮೂರು ತಿಂಗಳು ಕಳೆದೆ: ಮೊದಲು ನಿಮ್ಮ ಹೆಸರು ನೋಡಿಕೊಳ್ಳಿ. ನಮ್ಮಲ್ಲಿ ಹೆಸರಿನ ಮುಂದೆ ಅಪ್ಪನ ಹೆಸರು, ಆಮೇಲೆ ಮನೆತನದ ಹೆಸರು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಥರ, ಡಿಗ್ರಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇತ್ತು. ಜಿಮ್ಯಾಟ್‌ಗೆ ನೋಂದಾಯಿಸಿದ ಹೆಸರು ಗುರುತಿನ ಚೀಟಿಯ ಜೊತೆ ಅಕ್ಷರಶಃ ಹೊಂದಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಕೋರ್ಟಿನಲ್ಲಿ ವಕೀಲಿ ಮಾಡುವ ನಮ್ಮ ಸೋದರಮಾವನ ಮಗ ಅಫಿಡವಿಟ್ ಮಾಡಿಸಿ, ನನ್ನ ಜೊತೆ ನಾಲ್ಕು ಸಲ ಅಲೆದು ಪಾಸ್‌ಪೋರ್ಟ್ ಬರುವವರೆಗೆ ಬಿಡಲಿಲ್ಲ. ಮತ್ತೆ, "371(ಜೆ) ಸರ್ಟಿಫಿಕೇಟ್ ಅದಲ್ಲ, ಸಾಕು" ಅಂತ ನನಗೆ ಬಹಳ ಜನ ಹೇಳಿದ್ದರು. ಅದು ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಪತ್ರ, ರಾಜ್ಯದ ಸೀಟು, ರಾಜ್ಯದ ನೌಕರಿಗೆ ಮಾತ್ರ. ಪಿಜಿಸಿಇಟಿ ಬರೆದು ಇಲ್ಲೇ ಎಂಬಿಎ ಮಾಡುವವರಿಗೆ ಉಪಯೋಗಕ್ಕೆ ಬರುತ್ತದೆ. ಇಂಥ ಅರ್ಜಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಕೊನೆಯ ದಿನ ರಾತ್ರಿ ಮನೆಯ ಇಂಟರ್ನೆಟ್ ಕೈಕೊಟ್ಟಾಗ, ಮುಚ್ಚಿದ್ದ ಶಟರ್ ಎತ್ತಿ ಹನ್ನೆರಡೂವರೆವರೆಗೆ ಕೂತ ಸೈಬರ್ ಸೆಂಟರಿನ ಭೈಯ್ಯಾಗೆ ಶುಕ್ರಿಯಾ.

ವೈನಿ (ನನ್ನ ಅತ್ತಿಗೆ), ನಿಮ್ಮ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಎರಡು ವರ್ಷ ಬೆಳಿಗ್ಗೆಯ ರೊಟ್ಟಿ ಬಡಿಯುವ ನನ್ನ ಪಾಳಿಯನ್ನೂ ನೀವೇ ಮಾಡಿದಿರಿ. ಅದು ಲೆಕ್ಕಕ್ಕೆ ಬರಬಾರದು ಅಂತ, ನಾನು ಸರ್ ಮನೆಯಿಂದ ಬರುವಷ್ಟರಲ್ಲಿ ಬುಟ್ಟಿ ಮುಚ್ಚಿಟ್ಟಿರುತ್ತಿದ್ದಿರಿ. ಕನ್ಯಾ ನೋಡಲು ಬರುತ್ತೇವೆಂದವರಿಗೆ, "ಆಕಿ ಓದ್ಲಾಕತ್ಯಾಳ, ಮುಗಿಲಿ" ಅಂತ ಹಿರಿಯರ ಎದುರೇ ಹೇಳಿದವರು ನೀವು. ನಿಮ್ಮ ಡಿಗ್ರಿ ಎರಡನೇ ವರ್ಷಕ್ಕೆ ನಿಂತಿದೆ. ಅದರ ಅರ್ಜಿ ನಾನು ತುಂಬುತ್ತೇನೆ.

ಸಂಕ್ರಾಂತಿಯ ಮರುವಾರ ಸಂದರ್ಶನ. ಅಪ್ಪ ಜೊತೆಗೆ ಬಂದರು. ಅವ್ವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಳು. ರಾತ್ರಿ ಬಸ್ಸಿನಲ್ಲಿ ಅಪ್ಪ ನಿದ್ದೆ ಮಾಡಲಿಲ್ಲ. ನಾನು ಒಳಗೆ ಹೋದಾಗ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕೂತವರು, ನಾನು ಹೊರಬರುವವರೆಗೆ ನೀರನ್ನೂ ಕುಡಿದಿರಲಿಲ್ಲ. ಒಳಗೆ ಸಂದರ್ಶನ ಮಾಡಿದವರು ಮೊದಲು ಕೇಳಿದ್ದೇ ಸಾಂಗ್ಲಿ ಲಾರಿ. ಅದನ್ನು ಹೇಳಿದೆ. ಆಮೇಲೆ ಒಬ್ಬರು ಮೇಡಂ, ಕಾಳು ಕಡಿದು ತೇವ ಹೇಳುವುದು ಹೇಗೆ, ನಿಮಗೆ ಬರುತ್ತದಾ ಅಂತ ಕೇಳಿದರು. ನನಗೆ ಶೇಕಡಾ ಒಂದರಷ್ಟು ಹೆಚ್ಚುಕಡಿಮೆ ಆಗುತ್ತದೆ, ನಮ್ಮ ಕಾಕಾಗೆ ಆಗುವುದಿಲ್ಲ ಅಂದೆ. ಅರ್ಧ ಗಂಟೆಯಲ್ಲಿ ಹೆಚ್ಚು ಹೊತ್ತು ತೊಗರಿಯ ಮಾತೇ ಆಯಿತು. ನಾನು ಹೆದರಿದ್ದ ದೊಡ್ಡ ದೊಡ್ಡ ಶಬ್ದಗಳು ಯಾವುವೂ ಬೇಕಾಗಲಿಲ್ಲ.

ಮಾರ್ಚ್ ಕೊನೆಯವರೆಗೆ ಮಿಲ್ಲಿನಲ್ಲೇ ಇರುತ್ತೇನೆ. ಹೆಸರಿನ ತೊಡಕು, ಪ್ರಬಂಧ, ಶಿಫಾರಸು ಪತ್ರ, ಏನೇ ಕೇಳಬೇಕಿದ್ದರೂ ಸಂಜೆ ಆರರ ಮೇಲೆ ಆಫೀಸಿಗೆ ಬನ್ನಿ. ಬರೆದದ್ದನ್ನು ಕನ್ನಡದಲ್ಲಿ ಹೇಳಲು ತಯಾರಾಗಿ ಬನ್ನಿ, ಕಾಕಾ ಪಕ್ಕದಲ್ಲೇ ಕೂತಿರುತ್ತಾರೆ. ತೇವದ ವಹಿಯನ್ನು ಹೊಸದಾಗಿ ಸೇರಿದ ಹುಡುಗಿಗೆ ಕೊಟ್ಟಿದ್ದೇನೆ. ನಿನ್ನೆ ಬೆಳಿಗ್ಗೆ ಮಂಜಿತ್ತು. ಆಕೆ ಕಾಕಾ ಅಂಕಿಯ ಕಾಲಮ್ಮಿನಲ್ಲಿ ಒಂದು ಗೀಟು ಎಳೆದು, ಪಕ್ಕದಲ್ಲಿ ಮೀಟರಿನ 12.1 ಬರೆದಿದ್ದಳು.