28 ದಿನಕ್ಕೊಂದು ಇಂಜೆಕ್ಷನ್: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಸನ್ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲ್ಲೂಕಿನ ಹಳ್ಳಿಯೊಂದರಿಂದ ನಮಸ್ಕಾರಗಳು.

ನನಗೆ 33 ವರ್ಷವಾಗಿದ್ದಾಗ ಸ್ತನದಲ್ಲಿ ಗಂಟು ಕಾಣಿಸಿತು; ಅದು ಸ್ತನ ಕ್ಯಾನ್ಸರ್. ಶಸ್ತ್ರಚಿಕಿತ್ಸೆ, ಕಿಮೋ, ರೇಡಿಯೇಷನ್ ಎಲ್ಲ ಆದ ಮೇಲೆ ಮನೆಯವರು ದೇವರಿಗೆ ಕಾಯಿ ಒಡೆಸಿ, ಇನ್ನು ಮುಗಿಯಿತೆಂದು ನೆಮ್ಮದಿಯಾದರು. ಆದರೆ ನನ್ನದು ಈಸ್ಟ್ರೋಜನ್ ಹಾರ್ಮೋನಿನಿಂದ ಬೆಳೆಯುವ ಬಗೆಯ ಗಡ್ಡೆಯಾದ್ದರಿಂದ, ಆ ಹಾರ್ಮೋನನ್ನು ತಡೆಯುವ ಚಿಕಿತ್ಸೆ ಕನಿಷ್ಠ 5 ವರ್ಷ ನಡೆಯಬೇಕಿತ್ತು. ಈ ಪತ್ರ ಅದರ ಕುರಿತು.

ವೈದ್ಯರು ಎರಡು ದಾರಿ ಹೇಳಿದರು. ದಿನಕ್ಕೊಂದು ಟ್ಯಾಮಾಕ್ಸಿಫೆನ್ ಮಾತ್ರೆ ನುಂಗುವುದು ಒಂದು. 28 ದಿನಕ್ಕೊಮ್ಮೆ ಹೊಟ್ಟೆಯ ಚರ್ಮದಡಿ ಗೋಸೆರೆಲಿನ್ ಇಂಜೆಕ್ಷನ್ ಹಾಕಿಸಿಕೊಂಡು ಅಂಡಾಶಯದ ಕೆಲಸವನ್ನೇ ನಿಲ್ಲಿಸಿ, ಅದರ ಜೊತೆಗೆ ಮಾತ್ರೆಯನ್ನೂ ತೆಗೆದುಕೊಳ್ಳುವುದು ಇನ್ನೊಂದು. ಟ್ಯಾಮಾಕ್ಸಿಫೆನ್ ಹಳೆಯ, ಅಗ್ಗದ ಔಷಧ. 5 ವರ್ಷ ತಪ್ಪದೆ ನುಂಗಿದವರಲ್ಲಿ ಮುಂದಿನ 15 ವರ್ಷಗಳಲ್ಲಿ ಈ ಕಾಯಿಲೆಯಿಂದಾಗುವ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗುತ್ತದೆ. ಕಿಮೋ ಬೇಕಾದ ಎಳೆ ವಯಸ್ಸಿನವರಿಗೆ, ಅದರಲ್ಲೂ 35ರೊಳಗಿನವರಿಗೆ, ಇಂಜೆಕ್ಷನ್ ಸೇರಿಸಿದರೆ ಕಾಯಿಲೆ ಮರುಕಳಿಸುವುದು ಇನ್ನಷ್ಟು ಕಡಿಮೆಯಾಗುತ್ತದೆ. ನಾನು ಎರಡನೆಯದನ್ನು ಆರಿಸಿಕೊಂಡೆ.

ಮೂವತ್ತರ ಹರೆಯದಲ್ಲೇ ಮುಟ್ಟು ನಿಲ್ಲುವುದೆಂದರೆ ಏನೆಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಆಷಾಢದ ಜಡಿಮಳೆಯಲ್ಲಿ ಮನೆಮಂದಿಯೆಲ್ಲ ಕಂಬಳಿ ಹೊದ್ದು ಒಲೆಯ ಮುಂದೆ ಕೂತಿದ್ದರೆ, ನಾನು ಎದೆಯಿಂದ ಮುಖಕ್ಕೇರುವ ಬಿಸಿಗೆ ಬೆವತು, ಸೆರಗಿನಲ್ಲಿ ಕತ್ತು ಒರೆಸಿಕೊಳ್ಳುತ್ತ ಜಗಲಿಗೆ ಎದ್ದು ಹೋಗುತ್ತಿದ್ದೆ. ಕೀಲುಗಳು ಹಿಡಿದುಕೊಳ್ಳುತ್ತಿದ್ದವು, ನಿದ್ದೆ ಹಾರಿಹೋಗುತ್ತಿತ್ತು. ಇವನ್ನೆಲ್ಲ ತಡೆದುಕೊಂಡೆ, ಮುಂದೆಯೂ ತಡೆದುಕೊಳ್ಳುತ್ತಿದ್ದೆ.

ತಡೆದುಕೊಳ್ಳಲಾಗದ್ದು ದಾರಿ. ಹತ್ತಿರದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕೇಳಿದಾಗ ಆ ಇಂಜೆಕ್ಷನ್ ತಮ್ಮಲ್ಲಿಲ್ಲವೆಂದು ಕಳುಹಿಸಿದರು. ಹಾಗಾಗಿ ಪ್ರತಿ ಸಲವೂ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕಾಯಿತು. ಅಕ್ಕಿಕಾಳಿನಷ್ಟು ಔಷಧವನ್ನು ದಪ್ಪ ಸೂಜಿಯಲ್ಲಿ ಹೊಟ್ಟೆಯೊಳಗೆ ಇಡುವುದಕ್ಕೆ ಕೆಲವು ನಿಮಿಷ ಸಾಕು. ಅದಕ್ಕಾಗಿ ಇಡೀ ದಿನದ ಕೂಲಿ, ಬಸ್ಸಿನ ಖರ್ಚು, ಜೊತೆಗೆ ಬರುವವರ ಒಂದು ದಿನ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿದ್ದ ತಾರೀಖು ದಾಟಿಹೋಯಿತು. ಎರಡು ಸಲ ಹೀಗಾದ ಮೇಲೆ ವೈದ್ಯರೊಡನೆ ಮಾತಾಡಿ ಇಂಜೆಕ್ಷನ್ ನಿಲ್ಲಿಸಿ, ಬರೀ ಮಾತ್ರೆಗೆ ಬಂದೆ. ದೇಹಕ್ಕೆ ಒಗ್ಗದೆ ಬಿಟ್ಟಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಮಕ್ಕಳ ವಿಷಯವನ್ನೂ ಹೇಳಬೇಕು. ಟ್ಯಾಮಾಕ್ಸಿಫೆನ್ ನುಂಗುತ್ತಿರುವಾಗ ಗರ್ಭ ಧರಿಸಬಾರದು. ಆದರೆ ಒಂದೂವರೆಯಿಂದ ಎರಡೂವರೆ ವರ್ಷ ಚಿಕಿತ್ಸೆ ಪಡೆದವರು ವೈದ್ಯರ ನಿಗಾದಲ್ಲಿ ಎರಡು ವರ್ಷದವರೆಗೆ ಅದನ್ನು ನಿಲ್ಲಿಸಿ ಮಗು ಹೆತ್ತರೆ, ಅಲ್ಪಾವಧಿಯಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚಲಿಲ್ಲವೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ನಾನೂ ನನ್ನ ಗಂಡನೂ ಎಷ್ಟೋ ರಾತ್ರಿ ಮಾತಿಲ್ಲದೆ ಮಲಗುವುದು ತಪ್ಪುತ್ತಿತ್ತು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು: ಈ ಇಂಜೆಕ್ಷನ್ ಜಿಲ್ಲಾ ಆಸ್ಪತ್ರೆಗಳಲ್ಲಿ, ಸಾಧ್ಯವಾದರೆ ತಾಲ್ಲೂಕು ಮಟ್ಟದಲ್ಲೂ, ತಪ್ಪದೆ ಸಿಗುವಂತೆ ಮಾಡಬೇಕು; ಅಂಡಾಶಯದ ಕೆಲಸ ನಿಂತಾಗ ಆಗುವ ಮೂಳೆ ಸವೆತದ ಪರೀಕ್ಷೆಯೂ ಅಲ್ಲೇ ಆಗಬೇಕು; ಚಿಕಿತ್ಸೆ ಆರಿಸಿಕೊಳ್ಳುವ ಮುನ್ನ ಅದರ ಲಾಭ, ತೊಂದರೆ, ಮಕ್ಕಳ ಪ್ರಶ್ನೆ ಎಲ್ಲವನ್ನೂ ಕನ್ನಡದಲ್ಲಿ, ಅವಸರವಿಲ್ಲದೆ, ಕಾಯಿಲೆಯಾದ ಹೆಣ್ಣನ್ನೇ ಕೂರಿಸಿ ಹೇಳುವವರೊಬ್ಬರು ಇರಬೇಕು. ಈಗ ಗಂಡನಿಗೋ ಅಣ್ಣನಿಗೋ ಹೇಳಿ ಕಳುಹಿಸುವುದೇ ಹೆಚ್ಚು.

ನಮ್ಮೂರಿನ ಪಕ್ಕದ ಕಾಫಿ ತೋಟದಲ್ಲಿ ಕೆಲಸ ಮಾಡುವ 29 ವರ್ಷದ ಹೆಣ್ಣುಮಗಳೊಬ್ಬಳಿಗೆ ಈಗಷ್ಟೇ ಕಿಮೋ ಮುಗಿದಿದೆ. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಲಿ ಅಕ್ಕಾ ಎಂದು ಮೊನ್ನೆ ನನ್ನನ್ನು ಕೇಳಿದಳು. ಅವಳು ಮುಂದಿನ ತಿಂಗಳು ವೈದ್ಯರಿಗೆ ಉತ್ತರ ಹೇಳಬೇಕಿದೆ.

ಇತಿ ತಮ್ಮ ವಿಶ್ವಾಸಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ಹೆಣ್ಣುಮಗಳು