ಆ ಲೇಖನಕ್ಕೆ ಗ್ಲಾಸಿನ ಚಿತ್ರ ಬೇಕಿತ್ತೇ?

ಮಾನ್ಯ ಸಂಪಾದಕರೇ,

ಕುಡಿತ ಬಿಟ್ಟವರು ಮತ್ತೆ ಯಾಕೆ ಶುರು ಮಾಡುತ್ತಾರೆ ಎಂಬ ನಿಮ್ಮ ಭಾನುವಾರದ ಲೇಖನ ಚೆನ್ನಾಗಿತ್ತು. ಆದರೆ ಪಕ್ಕದಲ್ಲೇ ಅರ್ಧ ಪುಟದಷ್ಟು ದೊಡ್ಡ, ನೊರೆ ಉಕ್ಕುವ ಗ್ಲಾಸಿನ ಬಣ್ಣದ ಚಿತ್ರ! ಅದು ಯಾಕೆ ಬೇಕಿತ್ತು?

ನಾನು ವ್ಯಸನಮುಕ್ತಿ ವಾರ್ಡಿನ ನರ್ಸ್. ಇಲ್ಲಿದ್ದಷ್ಟು ದಿನ ಎಷ್ಟೋ ಜನರಿಗೆ ಕುಡಿಯಬೇಕು ಅಂತ ಅನಿಸುವುದೇ ಇಲ್ಲ. 'ಸಿಸ್ಟರ್, ನನಗೆ ವಾಸಿಯಾಯ್ತು' ಎನ್ನುತ್ತಾರೆ. ಅದು ಸುಳ್ಳಲ್ಲ. ಮನೆಗೆ ಹೋದ ಮೇಲೆ ಅದೇ ಕುರ್ಚಿ, ಅದೇ ಸಂಜೆ ಹೊತ್ತು, ಅದೇ ಗೆಳೆಯನ ಫೋನು. ಆಸೆ ಒತ್ತರಿಸಿ ಬರುತ್ತದೆ. ಮನಸ್ಸು ಗಟ್ಟಿ ಇಲ್ಲ ಎಂದು ಮನೆಯವರು ಬೈಯುತ್ತಾರೆ.

ಮಿದುಳು ಸುಖವನ್ನಷ್ಟೇ ನೆನಪಿಡುವುದಿಲ್ಲ. ಎಲ್ಲಿ, ಯಾವ ಹೊತ್ತಲ್ಲಿ, ಯಾರ ಜೊತೆ ಎಂಬುದನ್ನೂ ಸೇರಿಸಿಯೇ ಇಡುತ್ತದೆ. ಇದರಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗದ ಕೆಲಸ ಜಾಸ್ತಿ. ಇನ್ನು ಡೋಪಮೈನ್ ಎಂಬ ರಾಸಾಯನಿಕ ಬಿಡುವ ಮಿದುಳಿನ ಕೋಶಗಳ ಕಥೆ ಬೇರೆ. ನರವಿಜ್ಞಾನಿ ವೂಲ್ಫ್ರಾಮ್ ಶುಲ್ಟ್ಸ್ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ನೋಡಿದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಈ ಕೋಶಗಳು ಚುರುಕಾಗುತ್ತಿದ್ದವು. ರೂಢಿಯಾದ ಮೇಲೆ, ರಸ ಬರುವ ಸೂಚನೆ ಕಂಡ ಕೂಡಲೇ ಚುರುಕಾದವು. ಸೂಚನೆ ಕೊಟ್ಟು ರಸ ಕೊಡದಿದ್ದರೆ ತಟ್ಟನೆ ಕುಗ್ಗಿದವು. ಕುಡಿತ ಬಿಡಲು ಒದ್ದಾಡುವವನಿಗೆ ನಿಮ್ಮ ಗ್ಲಾಸೂ ಅಂಥದ್ದೇ ಸೂಚನೆ ಅಲ್ವಾ? ಸಂಶೋಧಕರು ಬೇಕಂತಲೇ ಆಸೆ ಕೆರಳಿಸಿ ನೋಡುವಾಗ ತೋರಿಸುವುದೂ ಇಂಥ ಚಿತ್ರಗಳನ್ನೇ.

ವಾರ್ಡಿನಲ್ಲಿ ಕುಡಿಯದೆ ಇರಲು ಕಲಿತದ್ದು ಹಳೆಯ ನೆನಪನ್ನು ಅಳಿಸುವುದಿಲ್ಲ. ಅದರ ಜೊತೆಗೆ ಹೊಸದೊಂದು ಸೇರುತ್ತದೆ, ಅಷ್ಟೇ. ಅದೂ ವಾರ್ಡಿಗೇ ಅಂಟಿಕೊಂಡಿರುತ್ತದೆ. ವಿಯೆಟ್ನಾಂನಲ್ಲಿ ಹೆರಾಯಿನ್‌ಗೆ ದಾಸರಾಗಿದ್ದ ಅಮೆರಿಕದ ಸೈನಿಕರ ಬಗ್ಗೆ ಸಂಶೋಧಕಿ ಲೀ ರಾಬಿನ್ಸ್ 1970ರ ದಶಕದಲ್ಲಿ ಅಧ್ಯಯನ ಮಾಡಿದರು. ಸ್ವದೇಶಕ್ಕೆ ಮರಳಿದ ಮೊದಲ ವರ್ಷದಲ್ಲಿ ಮತ್ತೆ ದಾಸರಾದವರು ಸುಮಾರು ಶೇ 5 ಮಾತ್ರ. ಜಾಗ ಬದಲಾದದ್ದೊಂದೇ ಕಾರಣವಲ್ಲ, ನಿಜ. ಆದರೆ ಇದೂ ಒಂದು ದೊಡ್ಡ ಕಾರಣ. ನಮ್ಮ ರೋಗಿಗಳದ್ದು ಉಲ್ಟಾ. ಚಿಕಿತ್ಸೆ ಬೇರೆ ಕಡೆ, ಬದುಕು ಹಳೇ ಜಾಗದಲ್ಲೇ. ಹಾಗಾಗಿ ಬೈಯುವ ಬದಲು ಮೊದಲು ಆ ಕುರ್ಚಿ ತೆಗೆಯಿರಿ, ಸಂಜೆಯ ದಿನಚರಿ ಬದಲಿಸಿ ಎಂದು ಮನೆಯವರಿಗೆ ಹೇಳುತ್ತೇನೆ.

ನಮ್ಮ ವಾರ್ಡಿಗೂ ನಿಮ್ಮ ಪತ್ರಿಕೆ ಬರುತ್ತದೆ. ಲೇಖನವನ್ನು ಎಲ್ಲರೂ ಓದಲಿ ಎಂದು ಚಿತ್ರವನ್ನಷ್ಟೇ ಕತ್ತರಿಸಿ ತೆಗೆದು, ಪತ್ರಿಕೆಯನ್ನು ಟೇಬಲ್ ಮೇಲಿಟ್ಟೆ. ಹಿಂದಿನ ಪುಟದ ಕ್ರಿಕೆಟ್ ಸುದ್ದಿಗೆ ತೂತು ಬಿತ್ತು, ಅದಕ್ಕೆ ಬೈಸಿಕೊಂಡದ್ದೂ ಆಯಿತು. ಸಹಾಯವಾಣಿಯ ನಂಬರನ್ನು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಕಿದ್ದೀರಿ. ಮುಂದಿನ ಸಲ ಆ ಅರ್ಧ ಪುಟವನ್ನು ಅದಕ್ಕೇ ಕೊಡಿ.

ಇಂತಿ,
ವ್ಯಸನಮುಕ್ತಿ ವಾರ್ಡಿನ ಒಬ್ಬ ನರ್ಸ್